ದಿನ ತುಂಬದ ಕೂಸಿನ ಉಸಿರು



ಏಳನೆಯ ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಕಳೆದ ಕೂಸು ಮನೆಗೆ ಬಂದರೆ ಸಂತೋಷದ ಬೆನ್ನಿಗೇ ಗಾಬರಿ. ಮೂಗಿಗೆ ಸಣ್ಣ ಕೊಳವೆ, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. "ಕೂಸು ಕೆಂಪಗೇ ಕಾಣ್ತದಲ್ಲ ಫಾದರ್, ಜ್ಞಾನಸ್ನಾನದ ದಿನ ಇದನ್ನ ತೆಗೆದು ಚರ್ಚಿಗೆ ತರೋಣೇನು?" ಎಂದು ಕೇಳುವವರಿದ್ದಾರೆ. ತೆಗೆಯಬೇಡಿ. ಏಕೆಂದು ಹೇಳುತ್ತೇನೆ.

ಗರ್ಭದಲ್ಲಿರುವಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದಿರುತ್ತವೆ. ಹುಟ್ಟಿ ಉಸಿರೆಳೆದಾಗ ಸಡಿಲುತ್ತವೆ. ದಿನ ತುಂಬದ ಕೂಸಿಗೆ ಗಾಳಿಚೀಲಗಳೂ ಕಡಿಮೆ, ಅವನ್ನು ಸುತ್ತುವ ನಾಳಗಳೂ ಕಡಿಮೆ. ಜೀವ ಉಳಿಸಿದ ಉಸಿರಾಟದ ಯಂತ್ರವೇ ಆ ಎಳೆ ಶ್ವಾಸಕೋಶಕ್ಕೆ ಗಾಯ ಮಾಡುವುದೂ ಉಂಟು. ಅಮೆರಿಕದ ವೈದ್ಯ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು 1967ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಇದು ಉಳಿದುಕೊಂಡ ಕೂಸುಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಶ್ವಾಸಕೋಶದ ನಾಳಗಳ ಒತ್ತಡ ಏರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಇದಲ್ಲ. ನಮ್ಮ ಎಡದಂಡೆ ಕಾಲುವೆಯ ತೂಬು ಅರ್ಧ ಮುಚ್ಚಿದರೆ ಹಿಂದಿನ ನೀರು ಒತ್ತುವುದಿಲ್ಲವೇ, ಹಾಗೆ. ಹೃದಯದ ಬಲಭಾಗ ಒತ್ತಿ ಒತ್ತಿ ದಣಿಯುತ್ತದೆ.

ಆಕ್ಸಿಜನ್ ಕಡಿಮೆಯಾದರೆ ಆ ನಾಳಗಳು ಇನ್ನೂ ಬಿಗಿಯುತ್ತವೆ. ಆದ್ದರಿಂದ ಇಲ್ಲಿ ಆಕ್ಸಿಜನ್ನೇ ಔಷಧ. ಮೈಬಣ್ಣ ನೋಡಿ ಇದನ್ನು ಅಳೆಯಲಾಗದು. ತುಟಿ ನೀಲಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ಕಾಲಿಗೆ ಹಚ್ಚುವ ಸಣ್ಣ ಯಂತ್ರದಲ್ಲಿ ಸಾಮಾನ್ಯವಾಗಿ 92ಕ್ಕೆ ಕಡಿಮೆಯಾಗದಂತೆ ವೈದ್ಯರು ನೋಡಿಕೊಳ್ಳುತ್ತಾರೆ, ಎಕೋ ಮಾಡಿ ಹೃದಯದ ಸ್ಥಿತಿ ತಿಳಿಯುತ್ತಾರೆ. ಕೆಲವು ಕೂಸುಗಳಿಗೆ ಸಿಲ್ಡೆನಾಫಿಲ್ ಬರೆದುಕೊಡುತ್ತಾರೆ. ದೊಡ್ಡವರು ಬೇರೆ ಕಾರಣಕ್ಕೆ ನುಂಗುವ ಮಾತ್ರೆಯದು. ಅಂಗಡಿಯವನು ನಕ್ಕರೆ ನಗಲಿ, ನೀವು ನಾಚಿ ನಿಲ್ಲಿಸಬೇಡಿ.

ಇನ್ನು ಜ್ಞಾನಸ್ನಾನದ ಮಾತು. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ, ಉಸಿರು ಕಟ್ಟುತ್ತಿತ್ತು. ಹುಟ್ಟಿದ ಆಸ್ಪತ್ರೆಯಲ್ಲೇ ಜ್ಞಾನಸ್ನಾನ ಕೊಟ್ಟು, ಚಿಕಿತ್ಸೆಗೆ ಬೋಸ್ಟನ್‌ಗೆ ಒಯ್ದರು. ಸುಮಾರು 39 ಗಂಟೆ ಬದುಕಿದ. ಅಂದು ಅಧ್ಯಕ್ಷರ ಮಗನಿಗೂ ಇಲ್ಲದ ಚಿಕಿತ್ಸೆ ಇಂದು ನಮ್ಮ ಮಕ್ಕಳಿಗಿದೆ. ಆದರೆ ಆ ತಂದೆತಾಯಿ ಸಂಸ್ಕಾರ ಮೊದಲೋ ಚಿಕಿತ್ಸೆ ಮೊದಲೋ ಎಂದು ಆರಿಸಬೇಕಾಗಲಿಲ್ಲ. ನೀವೂ ಆರಿಸಬೇಕಿಲ್ಲ. ಸಾವಿನ ಅಪಾಯವಿದ್ದರೆ ತಡಮಾಡದೆ ಜ್ಞಾನಸ್ನಾನ ಕೊಡಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಗುರುಗಳು ಸಿಗದಿದ್ದರೆ ಧರ್ಮಸಭೆಯ ಉದ್ದೇಶವನ್ನೇ ಇಟ್ಟುಕೊಂಡು ನರ್ಸಮ್ಮನೂ ಕೊಡಬಹುದು: ತಲೆಗೆ ನೀರು ಸುರಿಯುತ್ತಾ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ. ಅದು ಪೂರ್ಣ ಜ್ಞಾನಸ್ನಾನ, ಮತ್ತೆ ಕೊಡುವಂತಿಲ್ಲ. ಉಳಿದ ವಿಧಿಗಳನ್ನು ಕೂಸು ಚೇತರಿಸಿಕೊಂಡ ಮೇಲೆ ಚರ್ಚಿನಲ್ಲಿ ನಡೆಸೋಣ.

ಅಪಾಯವಿಲ್ಲದಿದ್ದರೆ, ವೈದ್ಯರನ್ನು ಕೇಳಿ, ಸಿಲಿಂಡರಿನೊಂದಿಗೇ ತನ್ನಿ. ಕೊಳವೆಯಿದ್ದರೆ ನೆತ್ತಿಗೆ ನೀರು ಸುರಿಯಲು ಏನು ಅಡ್ಡಿ? ಮೇಣದಬತ್ತಿ ಮಾತ್ರ ದೂರವಿರಲಿ. ಆಕ್ಸಿಜನ್ ಹತ್ತಿರ ಬೆಂಕಿ ಬೇಗ ಹಬ್ಬುತ್ತದೆ. ಧೂಪ ಬೇಡ. ನೆಗಡಿಯಾದ ನೆಂಟರು ಎತ್ತಿ ಮುದ್ದಿಸುವುದೂ ಬೇಡ. ಮನೆಯಲ್ಲಿ ಒಲೆಯ ಹೊಗೆ, ಬೀಡಿ, ಗದ್ದೆಯ ಹುಲ್ಲು ಸುಡುವ ಹೊಗೆ, ಇವೆಲ್ಲ ಆ ಕೂಸಿಗೆ ವಿಷ.

ಬದುಕುಳಿದ ಮಕ್ಕಳಲ್ಲಿ ಮೊದಲ ಎರಡು ಮೂರು ವರ್ಷ ಶ್ವಾಸಕೋಶ ಬೆಳೆಯುತ್ತಾ, ಅನೇಕರಿಗೆ ಒತ್ತಡ ಇಳಿಯುತ್ತದೆ. ಎಲ್ಲರಿಗೂ ಅಲ್ಲ, ಕೆಲವು ಕೂಸುಗಳನ್ನು ಕಳೆದುಕೊಳ್ಳುತ್ತೇವೆ. ಹಾಲು ಕುಡಿಯುವಾಗ ಬೆವರಿದರೆ, ಪಕ್ಕೆ ಎಳೆದು ಉಸಿರಾಡಿದರೆ, ತೂಕ ಏರದಿದ್ದರೆ ಭಾನುವಾರದ ಪೂಜೆಗೂ ಕಾಯಬೇಡಿ. ಜವಳಗೇರಾದಿಂದ ರಾಯಚೂರಿಗೆ ಹೊರಡುವ ಮುನ್ನ ಸಿಲಿಂಡರಿನ ಮುಳ್ಳು ನೋಡಿ, ದಾರಿಗೆ ಸಾಲುತ್ತದೆಯೇ ಎಂದು.