ನೀರು ಕುಡಿದು ಉಗುಳುವ ಸೈಲೆನ್ಸರ್



ಬೈಕಿನ ಸೈಲೆನ್ಸರ್‌ಗೆ ಕಾಲು ತಾಗಿ ಸುಟ್ಟುಕೊಂಡವರು ನಿಮ್ಮಲ್ಲಿ ಒಬ್ಬರಾದರೂ ಇದ್ದೀರಿ. ಎಂಜಿನ್ನಿನ ಹೊಗೆ ಅಷ್ಟು ಬಿಸಿ! ಬೈಕ್ ಓಡುವಾಗ ಗಾಳಿ ಅದನ್ನು ತಣಿಸುತ್ತದೆ. ಆದರೆ ಎಂಜಿನ್ ದೋಣಿಯ ಹೊಟ್ಟೆಯೊಳಗೆ, ಜನ ಮಲಗುವ ಕೋಣೆಯ ಪಕ್ಕದಲ್ಲೇ ಇದ್ದರೆ?

ಹಾಯಿದೋಣಿಗೆ ಎಂಜಿನ್ ಯಾಕೆ ಅಂತ ಕೇಳಬಹುದು. 2017-18ರಲ್ಲಿ ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಗೋವಾದಿಂದ ಹೊರಟು, ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಅಂಥ ದೂರಕ್ಕೆ ಗಾಳಿಯೇ ಬಲ. ಆದರೆ ಬಂದರಿನ ಇಕ್ಕಟ್ಟಿನಲ್ಲಿ, ಗಾಳಿ ನಿಂತಾಗ, ಹಾಯಿ ಸಾಲದು. ಅದಕ್ಕೇ ಹಾಯಿದೋಣಿಗಳ ಒಳಗೆ ಹೆಚ್ಚಾಗಿ ಒಂದು ಸಣ್ಣ ಡೀಸೆಲ್ ಎಂಜಿನ್ ಇರುತ್ತದೆ.

ಕೆಲಸ ಮಾಡುವ ರೀತಿ

ಪಂಪು ಸಮುದ್ರದ ನೀರನ್ನು ಎಳೆದು ಎಂಜಿನ್ನನ್ನು ತಣಿಸುತ್ತದೆ. ಅದೇ ನೀರನ್ನು ಬಿಸಿ ಹೊಗೆಯೊಳಗೆ ಬಿಡುತ್ತಾರೆ. ತಣಿದ ಹೊಗೆಯನ್ನು ರಬ್ಬರ್ ಹೋಸಿನಲ್ಲೇ ಸಾಗಿಸಬಹುದು. ಹೊಗೆ, ನೀರು ಎರಡೂ ಕೆಳಗಿರುವ ಸೈಲೆನ್ಸರ್ ಡಬ್ಬಕ್ಕೆ ಇಳಿಯುತ್ತವೆ. ಅಲ್ಲಿ ಹೊಗೆಯ ಒತ್ತಡ ನೀರನ್ನು ಮೇಲಕ್ಕೆ ತಳ್ಳಿ, ದೋಣಿಯ ಹಿಂಬದಿಯಿಂದ ಹೊರಗೆ ಉಗುಳಿಸುತ್ತದೆ.

ಮಾಡಿ ನೋಡಿ

ಬಾಟಲಿಯಲ್ಲಿ ಅರ್ಧ ಶುದ್ಧ ನೀರು ತುಂಬಿ. ಮುಚ್ಚಳಕ್ಕೆ ಎರಡು ತೂತು ಕೊರೆದು ಸ್ಟ್ರಾ ತೂರಿಸಿ. ಒಂದು ತಳದವರೆಗೆ ಇಳಿಯಲಿ, ಇನ್ನೊಂದು ನೀರಿಗೆ ತಾಗದಿರಲಿ. ಸಂದುಗಳನ್ನು ಮೇಣದಿಂದ ಮುಚ್ಚಿ. ಗಿಡ್ಡ ಸ್ಟ್ರಾದಲ್ಲಿ ಊದಿ. ಉದ್ದದ ಸ್ಟ್ರಾದಿಂದ ನೀರು ಚಿಮ್ಮಿತಲ್ವಾ? ಅದೇ ಈ ಸೈಲೆನ್ಸರ್!

ಕೆಡುವುದೇಕೆ? ಕೆಟ್ಟರೇನು?

ಹಳೆಯ ದೋಣಿಗಳಲ್ಲಿ ಉಕ್ಕಿನ ಡಬ್ಬಗಳಿರುತ್ತಿದ್ದವು. ಉಪ್ಪುನೀರು, ಶಾಖ, ಹೊಗೆಯಲ್ಲಿನ ಗಂಧಕದ ಆಕ್ಸೈಡುಗಳಿಂದಾಗುವ ಆಮ್ಲ ಇವು ಸೇರಿ ವೆಲ್ಡಿಂಗ್ ಸಂದುಗಳನ್ನು ತಿಂದುಬಿಡುತ್ತವೆ. ತೂತು ಬಿದ್ದರೆ ನೀರಷ್ಟೇ ಅಲ್ಲ, ಕಾರ್ಬನ್ ಮಾನಾಕ್ಸೈಡ್ ಕೂಡ ಕೋಣೆಗೆ ನುಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಏಳದೇ ಹೋಗಬಹುದು. ಪೆಟ್ರೋಲ್ ಎಂಜಿನ್ನಾದರೆ ಅಪಾಯ ಇನ್ನೂ ಹೆಚ್ಚು.

ಬದಲಿಸುವ ಕ್ರಮ

1. ಎಂಜಿನ್ ತಣ್ಣಗಾಗಲಿ. ಸಮುದ್ರದ ನೀರು ಬರುವ ವಾಲ್ವ್ ಮುಚ್ಚಬೇಕು.
2. ಡಬ್ಬದ ನೀರು ಬಸಿದು, ಕ್ಲಿಪ್ ಸಡಿಲಿಸಿ, ಹೋಸ್ ಬಿಡಿಸಬೇಕು. ಗಟ್ಟಿಯಾಗಿ ಬಿರುಕುಬಿಟ್ಟ ಹೋಸನ್ನೂ ಬದಲಿಸಬೇಕು.
3. ಹೊಸ ಡಬ್ಬ ತುಕ್ಕು ಹಿಡಿಯದ ಫೈಬರ್‌ಗ್ಲಾಸಿನದಾದರೆ ಒಳ್ಳೆಯದು. ಅದು ಎಂಜಿನ್ನಿನ ಹೊಗೆಬಾಯಿಗಿಂತ ಕೆಳಗಿರಬೇಕು.
4. ಒಳಬರುವ, ಹೊರಹೋಗುವ ಬಾಯಿಗಳು ಅದಲುಬದಲಾಗಬಾರದು. ಪ್ರತಿ ಜೋಡಣೆಗೂ ಎರಡೆರಡು ಕ್ಲಿಪ್ ಹಾಕಬೇಕು.
5. ವಾಲ್ವ್ ತೆರೆದು ಎಂಜಿನ್ ಚಾಲೂ ಮಾಡಿ, ಹಿಂಬದಿಯಲ್ಲಿ ನೀರು ಬರುತ್ತಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಅಂತ ನೋಡಬೇಕು.

ಡಬ್ಬ ಎಷ್ಟು ದೊಡ್ಡದಿರಬೇಕು?

ಎಂಜಿನ್ ನಿಂತೊಡನೆ, ಮೇಲೇರುವ ಹೋಸಿನಲ್ಲಿದ್ದ ನೀರು ಡಬ್ಬಕ್ಕೇ ಮರಳುತ್ತದೆ. ಹೋಸಿನ ಒಳವ್ಯಾಸ 5 ಸೆಂ.ಮೀ., ಉದ್ದ 200 ಸೆಂ.ಮೀ., ಪೂರ್ತಿ ತುಂಬಿದೆ ಅಂತಿಟ್ಟುಕೊಳ್ಳಿ. ಆಗ 3.14 × 2.5 × 2.5 × 200 = 3925 ಘನ ಸೆಂ.ಮೀ., ಅಂದರೆ ಸುಮಾರು 4 ಲೀಟರ್. ಡಬ್ಬದಲ್ಲಿ ಮೊದಲೇ ಉಳಿದಿರುವ ನೀರಿನ ಜೊತೆಗೆ ಇಷ್ಟಕ್ಕೂ ಜಾಗ ಬೇಕು. ಇಲ್ಲದಿದ್ದರೆ ನೀರು ಎಂಜಿನ್ನಿಗೇ ನುಗ್ಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಮೇಲೆ ಬಂದ ಪಿಸ್ಟನ್ ನೀರಿಗೆ ಬಡಿದರೆ ಗಟ್ಟಿ ಉಕ್ಕಿನ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತದೆ.

ಯೋಚಿಸಿ ಉತ್ತರಿಸಿ

1. ಎಂಜಿನ್ ಚಾಲೂ ಆಗದೆ ಮತ್ತೆ ಮತ್ತೆ ಸ್ಟಾರ್ಟರ್ ತಿರುಗಿಸುತ್ತಿದ್ದರೆ ನೀರಿನ ವಾಲ್ವ್ ಮುಚ್ಚಿಡಬೇಕು. ಯಾಕೆ? (ಸುಳಿವು: ಪಂಪು ತಿರುಗುತ್ತಿದೆ, ಊದುವವರು ಯಾರೂ ಇಲ್ಲ.)
2. ಬೈಕಿನ ಸೈಲೆನ್ಸರ್‌ಗೆ ಹೀಗೆ ನೀರು ಬಿಡುವುದಿಲ್ಲವೇಕೆ?