ಮಸ್ಕಡೆ ಮತ್ತು ಮೀನೂಟ

ಹೆಸರು ನೋಡಿ ಮೋಸ ಹೋಗ್ಬೇಡಿ. ಮಸ್ಕಡೆಯಲ್ಲಿ ಮಸ್ಕಟ್ ದ್ರಾಕ್ಷಿ ಇಲ್ಲ, ಸಿಹಿಯೂ ಇಲ್ಲ. ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸೇರುವ ಕಡೆ, ನಾಂತ್ ಊರಿನ ಸುತ್ತಮುತ್ತ, ಮೆಲೋನ್ ಎಂಬ ತಳಿಯ ದ್ರಾಕ್ಷಿಯಿಂದ ಇದನ್ನು ಮಾಡ್ತಾರೆ. 1709ರ ಭಾರೀ ಚಳಿಗೆ ಅಲ್ಲಿನ ಬಳ್ಳಿಗಳು ಸತ್ತ ಮೇಲೆ, ಚಳಿ ತಡೆಯುವ ಈ ತಳಿಯೇ ಹಬ್ಬಿತು.

ಬಾಟಲಿ ಮೇಲೆ ‘ಸ್ಯೂರ್ ಲೀ’ ಅಂತಿದ್ರೆ ಅದನ್ನೇ ತಗೊಳ್ಳಿ. ಚಳಿಗಾಲವಿಡೀ ಯೀಸ್ಟಿನ ಗಷ್ಟಿನ ಮೇಲೆಯೇ ಉಳಿದ ವೈನ್ ಅದು. ತೆಳುವಾಗಿದ್ರೂ ನೀರುನೀರು ಅನಿಸಲ್ಲ.

ನಾಂತ್ ಕಡೆಯವರು ಇದನ್ನು ಹಸಿ ಆಯ್ಸ್ಟರ್ ಜೊತೆ ಕುಡೀತಾರೆ. ನಾವು ಮೀನಿಗೆ ನಿಂಬೆ ಹಿಂಡ್ತೀವಲ್ಲ, ಅದೇ ಲೆಕ್ಕ. ಹಾಗಾಗಿ ರವೆ ಹಚ್ಚಿ ಹುರಿದ ಮೀನಿಗೂ ಒಪ್ಪುತ್ತೆ, ವೈನಿನ ಹುಳಿ ಎಣ್ಣೆಜಿಡ್ಡನ್ನು ತೊಳೆದುಬಿಡುತ್ತೆ. ಚಿಪ್ಪಿನದೇ ಅಂತ ಖಾರದ ಮರುವಾಯಿ ಸುಕ್ಕದ ಜೊತೆ ಮಾತ್ರ ಇಡಬೇಡಿ. ಮೆಣಸಿನ ಮುಂದೆ ಇದರ ರುಚಿಯೇ ಗೊತ್ತಾಗಲ್ಲ.