ಕರುಳಿನ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್

ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಉಪಕಾರಿಗಳೇ. ಕೆಲವು ಮಾತ್ರ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಒತ್ತಾಸೆಯಾಗುತ್ತವೆ. ವಸಡಿನ ಸಂದುಗಳಲ್ಲಿ ವಾಸಿಸುವ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಕರುಳಿನ ಗೆಡ್ಡೆಗಳಲ್ಲೂ ಹೇರಳವಾಗಿರುವುದು 2011–12ರಲ್ಲಿ ಬೆಳಕಿಗೆ ಬಂತು. ಫ್ಯಾಡ್‌ಎ ಎಂಬ ಪ್ರೋಟೀನಿನ ಮೂಲಕ ಅದು ಕೋಶಕ್ಕೆ ಅಂಟಿಕೊಂಡು, ಕೋಶವಿಭಜನೆಗೆ ಕುಮ್ಮಕ್ಕು ಕೊಡುವ ಸಂಕೇತಗಳನ್ನು ಎಬ್ಬಿಸುತ್ತದೆ; ರೋಗನಿರೋಧಕ ಕೋಶಗಳ ಕೈಯನ್ನೂ ಕಟ್ಟಿಹಾಕುತ್ತದೆ. ಇ. ಕೋಲೈಯ ಕೆಲವು ತಳಿಗಳಂತೂ ಕೋಲಿಬ್ಯಾಕ್ಟಿನ್ ಎಂಬ ವಿಷದಿಂದ ಡಿಎನ್‌ಎಯನ್ನೇ ಕೆಡಿಸುತ್ತವೆ.

ಆಹಾರದ ನಾರನ್ನು ಒಡೆಯುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ತಯಾರಿಸುತ್ತವೆ. ಕರುಳಿನ ಆರೋಗ್ಯವಂತ ಕೋಶಗಳಿಗೆ ಅದು ಆಹಾರ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿದ್ದೂ ಅದೇ. ಹೊಸದುರ್ಗದ ಸಾಮೆ, ಹಿರಿಯೂರು–ಚಿತ್ರದುರ್ಗದ ಹೊಲಗಳ ರಾಗಿ, ನವಣೆ, ಹುರುಳಿಯಲ್ಲಿ ನಾರು ಧಾರಾಳ. ಆದರೆ ಬೆಳ್ಳಗಾಗುವಷ್ಟು ಪಾಲಿಶ್ ಮಾಡಿಸಿದ ಸಾಮೆ ಅಕ್ಕಿಯಲ್ಲಿ ತೌಡಿನ ಜೊತೆ ನಾರೂ ಹೋಗಿರುತ್ತದೆ. ಮುದ್ದೆಗೆ ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಜೊತೆಯಾದರೆ ಒಳ್ಳೆಯದು. ಫ್ಯೂಸೋಬ್ಯಾಕ್ಟೀರಿಯಂನ ನೆಲೆ ವಸಡೇ ಆದ್ದರಿಂದ, ಹೊಳಲ್ಕೆರೆಯ ಅಡಿಕೆ ಸೀಮೆಯಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಬಿಟ್ಟು ವಸಡನ್ನು ಕಾಪಾಡಿಕೊಳ್ಳುವುದು ಇನ್ನೂ ಮುಖ್ಯ.

ಊಟ ಚಿಕಿತ್ಸೆಯಲ್ಲ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮೂಲವ್ಯಾಧಿಯೆಂದು ನಾಟಿ ಔಷಧಿಯಲ್ಲಿ ದಿನ ದೂಡಬಾರದು. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ವೈದ್ಯರು ಹೇಳಿದರೆ ಕೊಲೊನೊಸ್ಕೋಪಿ ಮಾಡಿಸಬೇಕು. ಕ್ಯಾನ್ಸರ್ ಖಚಿತವಾದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಚಿಕಿತ್ಸೆಯಿದೆ.